ಆರುವ ತನಕ

ಒಲೆ ಇನ್ನೂ ವ್ಯಾನಿನಲ್ಲೇ ಇತ್ತು.
ಇಡ್ವಾಲ್ ಮೊದಲು ಚಿಮಣಿಯೊಳಗೆ ಕೈ ಹಾಕಿದ.
ಇಳಿದದ್ದು ಕಾಗೆಗೂಡು: ಒಂದು ಮೂಟೆ, ಎರಡು ಮೂಟೆ,
ಕಡ್ಡಿ, ಕುರಿಯುಣ್ಣೆ, ಯಾರದೋ ನೀಲಿ ರಿಬ್ಬನ್ನು.
"ಇದರ ಕೆಳಗೆ ಬೆಂಕಿ ಹಚ್ಚಿದ್ದರೆ
ಹೊಗೆ ಮನೆಗೇ ವಾಪಸು, ನೆರಿಸ್.
ವಾಸನೆಯಿಲ್ಲದ ವಿಷ
ಎಬ್ಬಿಸಿ ಕೊಲ್ಲುವುದಿಲ್ಲ."
ಗೋಡೆಗೊಂದು ಬಿಳಿ ಡಬ್ಬಿ ಬಡಿದ. ಅದು ಕೂಗುತ್ತದಂತೆ.

ಸ್ಲೇಟು ಹಾಸಿದ, ಉಕ್ಕಿನ ಕೊಳವೆ ಇಳಿಸಿದ,
ಅಜ್ಜಿಯ ಓಕ್ ತೊಲೆಯನ್ನು ಎರಡು ಗೇಣು ಮೇಲಕ್ಕೆತ್ತಿಸಿದ.
ಕೊನೆಗೆ ಹಿತ್ತಲ ಸೌದೆಗೆ ಎರಡು ಮುಳ್ಳಿನ ಮೀಟರು ಚುಚ್ಚಿ
ತಲೆಯಾಡಿಸಿದ: ಮೂವತ್ತೆಂಟು.
ಇಪ್ಪತ್ತಕ್ಕಿಳಿಯಲಿ. ಇನ್ನೆರಡು ಬೇಸಿಗೆ.

ಆರದ ಸೌದೆಯ ಬೆಂಕಿ ಬೇಗ ಆರುತ್ತದೆ,
ಚಿಮಣಿಯ ಗಂಟಲಿಗೆ ಡಾಂಬರು ಬಳಿದು.
ಬೇಯುವ ತನಕ ಇದ್ದವಳು ಆರುವ ತನಕ ಇರಲಾರೆಯಾ ಅಂದರೆ
ಏನೆನ್ನಲಿ?
ಇಲ್ಲಿ ಆರುವುದೇ ಮೊದಲು, ಬೇಯುವುದು ಆಮೇಲೆ.

ತಣ್ಣನೆ ಒಲೆಯೆದುರು
ಬೆಕ್ಕು ಆಗಲೇ ನಂಬಿ ಕೂತಿತ್ತು.
ಮನೆಯಲ್ಲಿ ಒಣಗಿದ್ದು ಒಂದೇ.
ಇಡ್ವಾಲನೇ ಮೂಟೆ ಬಿಚ್ಚಿ, ರಿಬ್ಬನ್ನು ನನ್ನ ಕೈಗಿಟ್ಟು,
ಗಾಳಿಬಾಯಿ ತೆರೆದು ಕಡ್ಡಿ ಗೀರಿದ.

ಹನ್ನೊಂದು ನಿಮಿಷ ಉರಿಯಿತು
ಇಪ್ಪತ್ತು ವಸಂತಗಳ ಸಂಸಾರ.
ಹೊಗೆ ನೆಟ್ಟಗೆ ಏರಿತು.
ಎದುರು ಮಾಡಿನ ಮೇಲೆ ಎರಡು ಬೂದುಗತ್ತಿನ ಕಾಗೆಗಳು
ತಂತಿಬಲೆ ಹೊದ್ದ ನಮ್ಮ ಚಿಮಣಿಯನ್ನು
ನೋಡುತ್ತಲೇ ಇದ್ದವು.