ಎರಡು ಸೆಂಟಿಮೀಟರ್

ವಾದಿ ಕಬೀರಿನಲ್ಲಿ ಬೆಳಗಿನ ಏಳಕ್ಕೇ
ಕಲ್ಲುಗುಡ್ಡ ಕಾದ ಹಂಚಿನಂತೆ ಉಸಿರು ಬಿಡುತ್ತದೆ.
ಬಸ್ಸಿಳಿದ ಮಕ್ಕಳು ಸಾಲಾಗಿ ನನ್ನ ಕೋಣೆಗೆ ಬರುತ್ತಾರೆ,
ಬೂಟು ಕಳಚಿ, ಕಾಲುಚೀಲದ ತೂತು ಕಾಣದಂತೆ
ಒಂದು ಹೆಬ್ಬೆರಳ ಮೇಲೆ ಇನ್ನೊಂದು ಹೆಬ್ಬೆರಳಿಟ್ಟು.

ಈ ವರ್ಷ ನಲವತ್ತೋ ಐವತ್ತೋ ದೇಶಗಳಲ್ಲಿ
ಒಂದೇ ವಾರ, ಒಂದೇ ಫಾರ್ಮು.
ಎತ್ತರ, ತೂಕ, ತೋಳಿನ ಸುತ್ತಳತೆ, ಹಲ್ಲು.
ಆಮೇಲೆ ಪ್ರಶ್ನೆಗಳು:
ಮನೆಯಲ್ಲಿ ನಿನಗೆ ನಿನ್ನದೇ ಕೋಣೆ ಇದೆಯೇ?
ಹೌದು ಅಥವಾ ಇಲ್ಲ.

"ಪರದೆ ಇದೆ," ಅಂದ ತೌಕೀರ್.
"ಈ ಕಡೆ ನಾವು ನಾಲ್ವರು,
ಆ ಕಡೆ ಒಬ್ಬ ಅಂಕಲ್, ಅವರಿಗೆ ರಾತ್ರಿ ಪಾಳಿ.
ಅವರಿಲ್ಲದಾಗ ಆ ಕಡೆಯೂ ನಮ್ಮದೇ."
ರಾತ್ರಿ ಹೌದು, ಹಗಲು ಇಲ್ಲ.
ಪೆನ್ನು ಎತ್ತಿ ಹಿಡಿದೇ ಕೂತೆ, ಗುರುತಿಗೆ ಚೌಕ ಒಂದೇ.

ವಾರದಲ್ಲಿ ಎಷ್ಟು ದಿನ ತಂದೆಯ ಜೊತೆ ಊಟ?
ಸೆನೂರಿ ಕೇಳಿದಳು: ದುಕ್ಮ್‌ನಲ್ಲಿರುವ ಅಪ್ಪನನ್ನು
ಬೇಳೆಯ ಪಾತ್ರೆಗೆ ಒರಗಿಸಿಟ್ಟುಕೊಂಡು,
ಫೋನಿನಲ್ಲಿ, ಉಣ್ಣುವುದೂ ಲೆಕ್ಕವೇ?

ರಕ್ತದ ವರದಿ ಬಂತು. ಮಕ್ಕಳಿಗೆ ಬಿಸಿಲು ಸಾಲದಂತೆ.
ಇಲ್ಲಿ! ಜಾರುಬಂಡೆಯ ತಗಡು ತೊಡೆ ಸುಡುವ ಊರಲ್ಲಿ,
ಎ.ಸಿ.ಯಿಂದ ಎ.ಸಿ.ಗೆ ಹಾರುವ ಮಕ್ಕಳಿಗೆ
ಗಾಣದ ಮನೆಯಲ್ಲಿ ದೀಪಕ್ಕೆ ಎಣ್ಣೆಯಿಲ್ಲ.
ಹನಿಔಷಧ ಬರೆದುಕೊಟ್ಟರು ಡಾಕ್ಟರು.

ಕೊನೆಯ ಪುಟದಲ್ಲಿ ಒಂದು ಏಣಿಯ ಚಿತ್ರ.
ತುದಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಬದುಕು,
ಬುಡದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ನಡುವೆ ಹತ್ತು ಮೆಟ್ಟಿಲು.
ನೀನೀಗ ಎಲ್ಲಿ ನಿಂತಿದ್ದೀ?
ಹುಡುಗರು ಪಟಪಟ ಹಾಕಿದರು: ಎಂಟು, ಏಳು,
ಒಬ್ಬನಂತೂ ಹನ್ನೊಂದು, ನಾಟ್ ಔಟ್.
ನಿಲೂಫಾ ಮಾತ್ರ ಹಾಳೆಯನ್ನು ಅಡ್ಡ ಹಿಡಿದಳು, ಉದ್ದ ಹಿಡಿದಳು,
"ಸಿಸ್ಟರ್, ಇದು ಯಾವ ಗೋಡೆಗೆ ಒರಗಿದೆ?"

ಅವಳಪ್ಪ ಚಿತ್ತಗಾಂಗಿನವನು, ಅಟ್ಟಣಿಗೆ ಕಟ್ಟುವವನು.
ಅವಳಿಗೆ ಮಾತು ಬಂದಾಗಿನಿಂದ ಹೇಳಿಕೊಟ್ಟಿದ್ದಾನೆ:
ಮೆಟ್ಟಿಲು ಎಣಿಸುವ ಮೊದಲು ಗೋಡೆ ತಟ್ಟಿ ನೋಡು.

ನಮ್ಮಜ್ಜಿ ನೆನಪಾದಳು. ರಾಣೆಬೆನ್ನೂರಿನ ಸಂತೆಯಲ್ಲಿ
ಸೇವಂತಿಗೆ ಕೊಳ್ಳುವಾಗ ಹೂವಿನ ಮುಖ ನೋಡದೆ
ಮಾರುವವಳ ಮೊಳಕೈ ನೋಡುತ್ತಿದ್ದವಳು.
"ಮೊಳ ಅಂದ್ರ ಯಾರ ಮೊಳ?"

ಅಂಚಿನಲ್ಲಿ ಬರೆದೆ: ಗೋಡೆ ಕಾಣುತ್ತಿಲ್ಲ ಎನ್ನುತ್ತಾಳೆ.
ಮೂರನೇ ದಿನ ಫಾರ್ಮು ವಾಪಸು.
ಅಂಚಿನಲ್ಲಿ ಬರೆಯುವಂತಿಲ್ಲ, ಒಂದು ಅಂಕಿ ಬೇಕು.
ಮತ್ತೆ ಕರೆಸಿ ಕೇಳಿದೆ. ಯೋಚಿಸಿ ಅಂದಳು,
"ಐದು ಹಾಕಿ. ನಡುವಲ್ಲಿದ್ದರೆ
ಕಾಲಿಗೂ ಮೆಟ್ಟಿಲು ಸಿಗುತ್ತದೆ, ಕೈಗೂ."

ರಜೆಗೆ ಮುಂಚೆ ಕೋಣೆ ಒರೆಸುವಾಗ ಕಂಡೆ:
ಎ.ಸಿ.ಯ ಪಸೆಗೆ ಅಂಟು ಬಿಟ್ಟು
ಗೋಡೆಯ ಅಳತೆಪಟ್ಟಿ ಎರಡು ಸೆಂಟಿಮೀಟರ್
ಕೆಳಕ್ಕೆ ಜಾರಿ, ನೆಲದ ಹತ್ತಿರ ಮುದುರಿಕೊಂಡಿತ್ತು.
ನಾನೂರ ಹನ್ನೆರಡು ಮಕ್ಕಳು,
ಎಲ್ಲರೂ ಇದ್ದುದಕ್ಕಿಂತ ಉದ್ದ!
ಎಲ್ಲೋ ಒಂದು ತಣ್ಣನೆಯ ಕಚೇರಿಯಲ್ಲಿ ನಮ್ಮ ಗೆರೆ
ಪಕ್ಕದ ದೇಶದ ಗೆರೆಯನ್ನು ದಾಟಿರಬೇಕು,
ಯಾರೋ ಕಾಫಿ ಹೀರುತ್ತ ತಲೆದೂಗಿರಬೇಕು.

ಎರಡು ರಾತ್ರಿ ಕೂತು ಒಂದೊಂದೇ ಅಂಕಿ ಇಳಿಸಿದೆ.
ಪ್ರತಿ ಸಲವೂ ಒಂದು ನೆತ್ತಿಯ ಮೇಲೆ
ಕೈಯಿಟ್ಟು ಕೆಳಕ್ಕೊತ್ತಿದ ಹಾಗೆ.

ಹನಿಔಷಧಕ್ಕೆ ಬಂದ ನಿಲೂಫಾಳಿಗೆ ಹೇಳಿಬಿಟ್ಟೆ.
ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು,
ಗೆಣ್ಣಿನಿಂದ ಒಮ್ಮೆ ಹಿಂದಕ್ಕೆ ತಟ್ಟಿ ನೋಡಿದಳು.
"ಹಾಗಾದರೆ ಒಂದು ತಿಂಗಳು
ನಾನು ಎತ್ತರ ಇದ್ದೆ,"
ಅಂದವಳು ಬೂಟಿನ ದಾರ ಕಟ್ಟದೆಯೇ ಓಡಿದಳು.
ಗಣಿತದ ಗಂಟೆ ಹೊಡೆದಾಗಿತ್ತು.