ಹೆಣಕ್ಕೆ ಚಳಿ

ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ತೆಗೆದ ಕೊಲೆಯ ಸಿನಿಮಾ.
ಬೆರಿಲ್ ರಿಮೋಟು ಒತ್ತಿ ನಿಲ್ಲಿಸುತ್ತಾಳೆ: "ಗಡಿಯಾರ ನೋಡು,
ಹತ್ತೂಕಾಲು. ಬಾಗಿಲು ದಾಟಿದ, ಈಗ ಒಂಬತ್ತು."
ಸಿಗರೇಟು ಸೇದಿದಷ್ಟೂ ಉದ್ದವಾಗುತ್ತದೆ.
ಗುಂಡು ಬಿದ್ದದ್ದು ಎಡ ಹೆಗಲಿಗೆ, ಪಟ್ಟಿ ಬಲಕ್ಕೆ.
ಪತ್ತೇದಾರನ ಹಿಂದಿನ ಗಾಜಿನಲ್ಲಿ
ಮೈಕು ಹಿಡಿದ ಹುಡುಗ ಆಕಳಿಸುತ್ತಾನೆ.
ಕೊಂದವರು ಯಾರೆಂದು ನಮ್ಮಿಬ್ಬರಿಗೂ ಬೇಕಿಲ್ಲ.

ಆದರೆ ಕಟ್ಟೆಯ ಮೇಲೆ ಹೆಣ ಬಿದ್ದಿರುವಲ್ಲಿ
ಅವಳು ನಿಲ್ಲಿಸುವುದೇ ಇಲ್ಲ. ಇವತ್ತು ನಾನೇ ಕೇಳಿದೆ:
"ಒಂದು ಶಾಟಿನಲ್ಲಿ ಬರಿಗೊರಳು, ಮುಂದಿನದರಲ್ಲಿ
ಕೆಂಪು ಮಫ್ಲರ್. ತಪ್ಪಲ್ಲವೇ?"

ಚಹಾದಲ್ಲಿ ಅದ್ದಿದ ಬಿಸ್ಕತ್ತು
ಮುರಿದು ಮುಳುಗುವಷ್ಟು ಹೊತ್ತು ಸುಮ್ಮನಿದ್ದಳು.

"ಫೆಬ್ರವರಿ. ನೆಲ ಕೊರೆಯುತ್ತಿತ್ತು.
ಆರು ಸಲ ಸಾಯಿಸಿದರು, ಪಾಪದ ಹುಡುಗ.
ಗುಂಪಿನಲ್ಲಿ ನಿಂತು ಬಾಯಿಗೆ ಕೈ ಇಡುವುದು,
ಅಷ್ಟೇ ನನ್ನ ಕೆಲಸ.
ಹಲ್ಲು ಕಟಕಟ ಎನ್ನುತ್ತಿತ್ತು ಅವನದು.
ಯಾರೂ ನೋಡದಾಗ ಸುತ್ತಿಬಿಟ್ಟೆ."

ವಾಪಸು ಕೊಟ್ಟನೇ?

"ಎಲ್ಲಿ! ಮುಂದಕ್ಕೆ ಓಡಿಸು. ಇನ್ನೂ. ಹಾಂ, ಪಬ್ಬು.
ಪೊಲೀಸರನ್ನು ಬಿಡು, ಅವರ ಹಿಂದೆ, ಬಲಮೂಲೆ:
ಕೆಂಪು ಕಟ್ಟಿಕೊಂಡು ಬಿಯರ್ ಕುಡಿಯುತ್ತಿದ್ದಾನೆ,
ತಾನು ಸತ್ತ ಮೂರನೇ ದಿನ."