ಕನ್ನಡಿ ಹಿಡಿಯೂ ಕೆಲಸ

ಟೀವಿ ಬೆನ್ನು ಬಿಚ್ಚಿ ಅಪ್ಪ ಹಿಂದ ಕೂತರ
ಮುಂದ ಕನ್ನಡಿ ಹಿಡಕೊಂಡು ನಿಂದ್ರೂದು ನನ್ನ ಕೆಲಸ.
ಕೆಂಪು ಪ್ಲಾಸ್ಟಿಕ್ ಅಂಚಿನ, ಗಡ್ಡ ಮಾಡಿಕೊಳ್ಳೂ ಕನ್ನಡಿ.
ಸ್ಕ್ರೂ ತಿರುವಿದಂಗ ಚಿತ್ರ ಓಡತೈತೋ ನಿಂದರತೈತೋ
ಅದರಾಗ ನೋಡತಿದ್ದ.
'ಬಲಕ್ಕ ಸರಸ ಮಾಬೂಬಿ' ಅಂತಿದ್ದ.
ಅವನ ಬಲವೋ ನನ್ನ ಬಲವೋ,
ಅಷ್ಟರಾಗ ವಾರ್ತೆ ಮುಗಿದಿರತಿತ್ತು.

ಗುಳೇದಗುಡ್ಡದ ಮಂದಿಯೆಲ್ಲ ನೋಡಿದ ಜಗತ್ತ
ಅಂವ ಎಡಬಲ ತಿರುವಿ ನೋಡಿದ.
ಊರಿಗೆಲ್ಲ ಬಲಗೈ ಬ್ಯಾಟ್ಸ್‌ಮನ್ ಇದ್ದಾಂವ
ಅಪ್ಪಗ ಕಡೀತನಕಾ ಎಡಚ.

ಸುಟ್ಟ ಕಾಯಿಲು ಬಿಚ್ಚಿ ಅವ್ವನ ಮುಂದ ಇಡತಿದ್ದ.
ಕಣದ ಮಗ್ಗಕ್ಕ ಕಂಡಿಕಿ ಸುತ್ತೂ ರಾಟಿ ಮ್ಯಾಲೆ
ಕೂದಲಿನಂಥ ತಾಂಬ್ರದ ತಂತಿ ಸುತ್ತತಿದ್ದಳು ಆಕಿ,
ಬಾಯಾಗ ಎಣಿಕಿ.
ನಡುವ ಯಾರರ ಮಾತಾಡಿಸಿದರ
ಮತ್ತ ಒಂದರಿಂದ.

ಬಂದ್ ಮಾಡಿದ ಮ್ಯಾಲೂ ಟ್ಯೂಬಿನಾಗ ಕರೆಂಟು ಕೂತಿರತೈತಿ,
ಮೊದಲ ಅದನ್ನ ಇಳಿಸು, ಆಮ್ಯಾಲೆ ಮುಟ್ಟು.
ಇದೊಂದ ಅಂವ ಬಡದು ಕಲಿಸಿದ್ದು.

ಈಗ ಅಂಗಡಿ ನಂದು.
ರಿಪೇರಿಗೆ ಯಾರೂ ತರೂದಿಲ್ಲ, ತೂಕಕ್ಕ ಹಾಕಿ ಹೋಗತಾರ.
ತಾಂಬ್ರ ಬ್ಯಾರೆ, ಅಲ್ಯುಮಿನಂ ಬ್ಯಾರೆ,
ಸ್ಪೀಕರಿನ ಅಯಸ್ಕಾಂತ ಓಣಿ ಹುಡುಗೂರಿಗೆ.
ಛಲೋ ಇದ್ದ ಕೆಪಾಸಿಟರ್ ಕಿತ್ತು ಬರಣಿಯಾಗ ಹಾಕತೇನಿ,
ಉರುಸಿನದೋ ಭಜನಿಯದೋ ಆಂಪ್ಲಿಫೈಯರಿನಾಗ
ಉಳಿದ ಆಯುಷ್ಯ ಮುಗಸತಾವ.

ನಿನ್ನೆ ಬನಶಂಕ್ರವ್ವ ಕೈಗಾಡಿ ಮ್ಯಾಲೆ ತಂದಳು,
ಕಟಗಿ ಬಾಗಿಲದ ಟೀವಿ.
'ಹೊಟ್ಟಿಯಾಗಿಂದೆಲ್ಲ ನೀ ತಗೋ, ಪೆಟಗಿ ಅಷ್ಟ ಕೊಡು,
ಕಣದ ಗಂಟು ಇಡಾಕ ಬೇಕು.'
ಬೆನ್ನು ಬಿಚ್ಚಿದೆ. ಮೂವತ್ತು ವರ್ಷದ ಧೂಳು. ಹಲ್ಲಿ ತತ್ತಿ.
ಮುಚ್ಚಳದ ಒಳಮೈಗೆ ಪೆನ್ಸಿಲಿನಾಗ ಅಪ್ಪನ ಅಕ್ಷರ:
ಕಾಯಿಲು ನೂರಾ ಎಂಬತ್ತು. ಬಾಕಿ ನಲವತ್ತು.

ಓದಬಾರದಿತ್ತು. ಓದಿಬಿಟ್ಟೆ.
ಮುದುಕಿ ನಕ್ಕಳು.
'ನಾ ಪೂರಾ ಕೊಟ್ಟೇನಿ. ಮ್ಯಾಲೆ ಎರಡು ಕಣ ಒಯ್ದಾನ,
ಮಗಳಿಗೆ ಕುಬಸ ಹೊಲಸತೇನಂತ.
ಬಾಕಿ ನಂದಲ್ಲವ್ವಾ, ಅಂವಂದು.'

ಹಸರ ಕುಬಸ, ಕೆಂಪು ಅಂಚು. ತೋಳು ಬಿಗಿ ಆಗಿತ್ತು.
ತೊಟ್ಟ ದಿನ ಪೂರ್ತಿ ಕನ್ನಡಿ ಹಿಡಕೊಂಡ ನಿಂತಿದ್ದೆ.
ಹೆಂಗ ಕಾಣತೇನಿ ಅಂತ ಗೊತ್ತಾಗಲಿಲ್ಲ,
ನನ್ನ ಕಡೆ ಇದ್ದದ್ದು ಕನ್ನಡಿಯ ಬೆನ್ನು.

ಗಲ್ಲಾದಾಗಿಂದ ನಲವತ್ತು ತಗದು ಆಕಿ ಕೈಯಾಗಿಟ್ಟೆ.
ಬ್ಯಾಡ ಅನ್ನಕೋತ ಸೆರಗಿಗೆ ಗಂಟು ಹಾಕಿಕೊಂಡಳು.
ಪೆಟಗಿ ಒರೆಸಿ ಗಾಡಿಗೆ ಹೇರಿದೆ.
ಮುಚ್ಚಳ ಕೊಡಲಿಲ್ಲ.
'ಇರಲಿ ಬಿಡು,
ಗ್ವಾಡಿಗೆ ಹಚ್ಚಿ ಇಡತೇನಿ' ಅಂದಳು.